ಆ ಗೋಲು ಹೊಡೆದದ್ದು ನನ್ನ ಗಂಟಲು

ನಿಜಾಮರ ರಾಜ್ಯದಾಗ ನನ್ನಷ್ಟು ದೊಡ್ಡ ಗಂಟಲು ಯಾರಿಗೂ ಇರಲಿಲ್ಲ. ಹಂಗಾಮಿನ ಮೊದಲ ಫುಟ್‌ಬಾಲ್ ಆಟ ನೋಡಲು ಕಮಲಾಪುರದಿಂದ ಬಾಳೆಹಣ್ಣಿನ ಬಂಡಿಯಲ್ಲೇ ಕಲಬುರಗಿಗೆ ಹೋದೆ. ಜೊತೆಗೆ ನನ್ನ ಷಡ್ಡಕ. ನಾನು ಒದರಿದ ರಭಸಕ್ಕೆ ಚೆಂಡು ಸೊಟ್ಟಗೆ ತಿರುಗಿ ಗೋಲಾಯಿತು. ಒದ್ದವನು ಕರೀಂ, ನಮ್ಮ ಕಲಬುರಗಿಯವರು ಪಗಾರ ಕೊಟ್ಟು ಇಟ್ಟುಕೊಂಡ ಆಟಗಾರ. ಖುಷಿಯಿಂದ ನಮ್ಮತ್ತ ಓಡಿಬಂದ. ನಾನು ಎರಡೂ ಕೈ ಚಾಚಿದೆ. ಅವನು ತೂಕಡಿಸುತ್ತಿದ್ದ ಷಡ್ಡಕನನ್ನು ಅಪ್ಪಿಕೊಂಡ!

“ಒದರಿದಾಂವ ನಾನಪಾ!” ಅಂದೆ.

“ನೀವು ಒದರಿದ್ರ ನನ್ನ ಕಾಲು ನಡಗತಾವ್ರೀ ಚಾಚಾ. ಇವರು ತಣ್ಣಗ ಕುಂತಿದ್ರಲ್ಲ, ಇವರನ್ನ ನೋಡಿ ಧೈರ್ಯ ಬಂತು.”

ಹೊಟ್ಟೆ ಉರಿದುಹೋಯಿತು. ಸೋಲಲಿ ಅಂತ ಉಳಿದ ಆಟವೆಲ್ಲ ಬಾಯಿ ಬಿಗಿಹಿಡಿದು ಕುಂತೆ. ನಮ್ಮವರು ಇನ್ನೂ ಎರಡು ಗೋಲು ಹೊಡೆದರು. ಆಟಗಾರರಿಗೆ ಸ್ವಲ್ಪರ ಮರ್ಯಾದಿ ಬ್ಯಾಡೇನ್ರೀ?