ದಾರದಲ್ಲಿ ಎಳೆದ ಗ್ರಾಫ್

ಜುಲೈ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಎಂಟೂವರೆ. ಅಜ್ಜಂಪುರದ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಮೂವರಿದ್ದೆವು: ಭೌತಶಾಸ್ತ್ರ ಕಲಿಸುವ ನಾನು, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ, ಅವಳ ತಂದೆ. ತಂದೆ ಮಗಳ ವರ್ಗಾವಣೆ ಪತ್ರಕ್ಕಾಗಿ ಬಂದಿದ್ದರು. ಅದಕ್ಕೆ ಸಹಿ ಬೀಳುವ ಮೊದಲು ಸ್ವಲ್ಪ ಹೊತ್ತು ನನಗೆ ಕೊಡಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡಿದ್ದೆ.

ಹುಡುಗಿಯ ದೃಷ್ಟಿ ವರ್ಷದಿಂದ ವರ್ಷಕ್ಕೆ ಕುಗ್ಗಿ, ಆ ಬೇಸಿಗೆಯ ಹೊತ್ತಿಗೆ ಬೆಳಕು ಕತ್ತಲೆಯ ಗುರುತಷ್ಟೇ ಉಳಿದಿತ್ತು. ದೂರದ ಊರಿನ ಅಂಧ ಮಕ್ಕಳ ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಅಲ್ಲಿ ವಿಜ್ಞಾನದ ಬದಲು ಬೇರೆ ವಿಷಯ ಓದಬೇಕು. ಇವಳಿಗೆ ವಿಜ್ಞಾನವೇ ಬೇಕಿತ್ತು. "ಸಾರ್, ನೀವೊಂದ್ಸಲ ಅಪ್ಪಂಗೆ ಹೇಳಿ" ಎಂದು ಹಿಂದಿನ ದಿನ ಕೇಳಿದ್ದಳು. ನಾನು ಹೇಳುವುದಕ್ಕಿಂತ ಅವಳೇ ತೋರಿಸುವುದು ಮೇಲು ಅನ್ನಿಸಿತು.

ಸರಳರೇಖೆಯ ಚಲನೆಯ ಪಾಠಕ್ಕಾಗಿ ಅವಳಿಗೊಂದು ಗ್ರಾಫ್ ಮಾಡಿಕೊಟ್ಟಿದ್ದೆ. ರಟ್ಟಿನ ಮೇಲೆ ತೆಂಗಿನ ಹುರಿಯ ಎರಡು ಅಕ್ಷಗಳು. ಅಡ್ಡ ಹುರಿಯಲ್ಲಿ ಕಾಲಕ್ಕೆ, ನಿಂತ ಹುರಿಯಲ್ಲಿ ದೂರಕ್ಕೆ, ಸಮ ಅಂತರದಲ್ಲಿ ಗಂಟುಗಳು. ನಡುವೆ ಗೋಣಿ ಹೊಲಿಯುವ ದಾರದಲ್ಲಿ ಒಂದು ಬಸ್ಸಿನ ಪ್ರಯಾಣ: ಕಡೂರಿನಿಂದ ಹೊರಟು, ಬೀರೂರಿನಲ್ಲಿ ನಿಂತು, ತರೀಕೆರೆಗೆ.

ತಂದೆ ಗೂಡ್ಸ್ ಆಟೋದಲ್ಲಿ ಈರುಳ್ಳಿ ಮೂಟೆ ಸಾಗಿಸುವವರು. ಆ ರಸ್ತೆ ಅವರಿಗೆ ಚೆನ್ನಾಗಿ ಗೊತ್ತು. ದಾರದ ಮೇಲೆ ಬೆರಳಿಟ್ಟು ಹೇಳಿದರು, "ಇದು ಬೀರೂರು ದಾಟಿದ್ಮೇಲೆ ಬರೋ ದಿಬ್ಬ ಅಲ್ವಾ ಸಾ? ಬಸ್ಸು ಏರ್ತಾ ಐತೆ."

ಮಗಳು ನಕ್ಕುಬಿಟ್ಟಳು. "ಅಯ್ಯೋ, ರಸ್ತೆ ಅಲ್ಲ ಕಣಪ್ಪ ಅದು! ದಾರ ಕಡಿದಾಗಿ ಏರಿದ್ರೆ ಬಸ್ಸು ಜೋರಾಗಿ ಹೋಗ್ತಾ ಐತೆ ಅಂತ. ನಿನ್ ಗಾಡಿದಾಗಿದ್ರೆ ದಾರ ಮಲಗೇ ಬಿಡ್ತಿತ್ತು."

"ಲೇ, ನನ್ ಗಾಡೀಗೇನಾಗೈತೆ?"

"ಇಲ್ಲಿ ಮುಟ್ಟು, ದಾರ ಮಲಗೈತೆ. ಹೊತ್ತು ಹೋಗ್ತಾ ಐತೆ, ದೂರ ಹೋಗಿಲ್ಲ. ಬೀರೂರಲ್ಲಿ ನಿಂತೈತೆ."

"ಡ್ರೈವರು ಟೀಗೆ ಇಳ್ದವ್ನೆ ಬಿಡು."

ಗೆರೆ ಏರಿದರೆ ದಿಬ್ಬ ಎನ್ನುವುದು ತರಗತಿಯ ಮಕ್ಕಳೂ ಪ್ರತಿವರ್ಷ ಮಾಡುವ ತಪ್ಪು. ಇವಳು ಒಮ್ಮೆಯೂ ಮಾಡಲಿಲ್ಲ. ಅವಳ ಒಂದು ಕೈ ಕಾಲದ ಗಂಟುಗಳನ್ನೂ ಇನ್ನೊಂದು ಕೈ ದೂರದ ಗಂಟುಗಳನ್ನೂ ಒಟ್ಟಿಗೇ ಎಣಿಸುತ್ತಿತ್ತು. ಗೆರೆಯನ್ನು ಚಿತ್ರವೆಂದು ನೋಡುವ ಅವಕಾಶವೇ ಅವಳಿಗಿರಲಿಲ್ಲ.

ತಂದೆ ರಟ್ಟಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದರು. "ಓದ್ತಾಳೆ ಸಾ. ನಮ್ಮನೇಲಿ ಬುದ್ವಂತೆ ಅಂದ್ರೆ ಇವ್ಳೇ. ಆದ್ರೆ ಹೋದ ವಾರ ಈ ಸ್ಕೂಲ್ ಗೇಟಿನ ಮುಂದೇನೇ ಬೈಕಿನೋನು ತಾಗ್ಸಿ ಹೋದ. ಮೊಣಕೈ ತರಚಿ ಉಳ್ಕಂಡ್ಲು. ಬೆಳಿಗ್ಗೆ ನಾನು ಲೋಡಿಗೆ ಹೋಯ್ತೀನಿ, ಅವ್ರಮ್ಮ ಆಸ್ಪತ್ರೆ ಕೆಲ್ಸಕ್ಕೆ ಹೋಯ್ತಾಳೆ. ಈ ದಾರ ಓದೋಕೆ ಬಂದ್ರೆ ರಸ್ತೆ ದಾಟೋಕೆ ಬತ್ತದಾ, ನೀವೇ ಹೇಳಿ. ಅಲ್ಲಿ ಕೋಲು ಹಿಡ್ದು ಒಬ್ಳೇ ಓಡಾಡೋದು ಕಲಿಸ್ತಾರಂತೆ."

ನಾನು ದಿನವೂ ಕಡೂರಿನಿಂದ ರೈಲಿನಲ್ಲಿ ಬಂದು ಹೋಗುವವನು. ಅವಳ ಕೈಹಿಡಿದು ಬೆಳಿಗ್ಗೆ ಸಂಜೆ ರಸ್ತೆ ದಾಟಿಸುತ್ತೇನೆ ಎಂದು ಮಾತು ಕೊಡುವಂತಿರಲಿಲ್ಲ. ರೈಲು ತಡವಾಗುವ ದಿನಗಳಿದ್ದವು. ಮುಂದಿನ ವರ್ಷ ನನಗೆ ನಿವೃತ್ತಿಯೂ ಇತ್ತು.

"ಸಾರ್, ಅಲ್ಲಿಂದ ಪಿಯುಸಿಗೆ ಬಂದಾಗ ಮತ್ತೆ ಸೈನ್ಸ್ ತಗೋಬೋದಾ?" ಎಂದಳು ಹುಡುಗಿ.

"ಕಷ್ಟ ಕಣಮ್ಮ" ಎಂದೆ.

ಅವಳು ತುಸು ಹೊತ್ತು ದಾರದ ಕೊನೆಯಲ್ಲೇ ಬೆರಳಿಟ್ಟುಕೊಂಡಿದ್ದಳು. ಆಮೇಲೆ ರಟ್ಟನ್ನು ನನ್ನತ್ತ ಸರಿಸಿದಳು. "ಹಂಗಾದ್ರೆ ಇದು ಇಲ್ಲೇ ಇರ್ಲಿ ಸಾರ್. ಅಲ್ಲಿಗೆ ತಗೊಂಡ್ಹೋದ್ರೆ ಸುಮ್ನೆ ನೆನಪಾಗ್ತೈತೆ."

ತಂದೆ ನನಗೆ ಕೈಮುಗಿದರು. ಮಗಳು ಅವರ ತೋಳು ಹಿಡಿದು ಹೊರಟಳು. ಒಂಬತ್ತು ಗಂಟೆಗೆ ಪತ್ರಕ್ಕೆ ಸಹಿಯಾಯಿತು.

ಅಂದಿನ ಕೊನೆಯ ಅವಧಿ ಅವಳದೇ ತರಗತಿಗೆ. ಪಾಠ: ವೇಗ-ಕಾಲ ಗ್ರಾಫ್. ಸೀಮೆಸುಣ್ಣ ಹಿಡಿದು ಶುರುಮಾಡಿದೆ: "ಎಡದಿಂದ ಬಲಕ್ಕೆ ಒಂದು ಗೆರೆ, ಇದು ಕಾಲ. ಅದರ ಎಡತುದಿಯಿಂದ ನೇರ ಮೇಲಕ್ಕೆ ಇನ್ನೊಂದು ಗೆರೆ, ಇದು ವೇಗ. ಈಗ ಮೂಲೆಯಿಂದ ಓರೆಯಾಗಿ ಮೇಲಕ್ಕೆ..."

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಎಂದಳು, "ಸಾರ್, ನಮಗೆ ಕಾಣ್ಸುತ್ತೆ ಸಾರ್."

ಉಳಿದ ಗೆರೆಗಳನ್ನು ಮಾತಿಲ್ಲದೆ ಎಳೆದೆ. ಗೆರೆಯ ಕೆಳಗಿನ ವಿಸ್ತೀರ್ಣವೇ ಸಾಗಿದ ದೂರ ಎಂದು ವಿವರಿಸಿ, ಮನೆಗೆ ಎರಡು ಲೆಕ್ಕ ಕೊಟ್ಟೆ. ಗಂಟೆ ಹೊಡೆದು ಮಕ್ಕಳು ಹೋದ ಮೇಲೆ ಬೋರ್ಡು ಒರೆಸಿ, ಕಿಟಕಿಗಳನ್ನು ಮುಚ್ಚಿದೆ.