ಕ್ಯಾಮೆರಾದೊಳಗಿನ ಬಟ್ಟೆ

ಗಂಡಸು ಫೋಟೋ ತೆಗೆಯಲು ಬಂದರೆ ಕುಬಸದ, ಅಂದರೆ ಸೀಮಂತದ, ಮನೆಯ ಹೆಂಗಸರೆಲ್ಲ ಸೆರಗು ಎಳೆದುಕೊಂಡು ಕಂಬವಾಗಿಬಿಡುತ್ತಿದ್ದರು. ಆಮೇಲೆ ಫೋಟೋದಲ್ಲಿ ಬಸುರಿ ಯಾರೆಂದು ಹೊಟ್ಟೆ ನೋಡಿಯೇ ಹೇಳಬೇಕು. ಅದಕ್ಕೇ ಯಂಕಂಚಿಯ ಒಂದು ಮನೆಯವರು ತಮ್ಮ ಸೊಸೆಯ ಕುಬಸಕ್ಕೆ ನನ್ನ ಸೊಸೆಯನ್ನು ಕರೆದರು. ಮದುವೆಗೆ ಮೊದಲು ಅವಳು ಇಂಡಿಯಲ್ಲಿ ಸೋದರಮಾವನ ಸ್ಟುಡಿಯೋದಲ್ಲಿ ಕೆಲಸ ಕಲಿತಿದ್ದಳು. ಕೈ ಪಳಗಿತ್ತು, ಕ್ಯಾಮೆರಾ ಇರಲಿಲ್ಲ. ಮೊದಲ ಕೆಲಸವೇ ಕೆಟ್ಟರೆ ಹೆಂಗಸಿನ ಕೈಗೆ ಕೊಟ್ಟದ್ದೇ ತಪ್ಪು ಎನ್ನುತ್ತಾರೆ, ಮತ್ತೆ ಯಾರೂ ಕರೆಯುವುದಿಲ್ಲ.

ಸಿಂದಗಿಯ ಒಬ್ಬ ಸ್ಟುಡಿಯೋದವನು ಹೊಸ ಕ್ಯಾಮೆರಾ ತಂದು ಹಳೆಯ ಮೂರನ್ನು ಮಾರಲು ಇಟ್ಟಿದ್ದ. ಮಗನಿಗೆ ಹೊಲದ ಕೆಲಸವಿತ್ತು, ನಾನು ಸೊಸೆಯ ಜೊತೆ ಹೋದೆ. ಒಂದು ಬೆಳ್ಳಿಯಂತೆ ಹೊಳೆಯುತ್ತಿತ್ತು. ಇನ್ನೊಂದು ಕರಿಯದು. ಮೂರನೆಯದರ ಮೂಲೆ ಜಜ್ಜಿ, ಬಣ್ಣ ಹೋಗಿ ಹಿತ್ತಾಳೆ ಕಾಣುತ್ತಿತ್ತು.

"ಇದರಾಗ ನೋಡ್ರಿ ಅತ್ತಿ," ಎಂದು ಸೊಸೆ ಹೊಳೆಯುವುದನ್ನು ನನ್ನ ಕಣ್ಣಿಗೆ ಹಿಡಿದಳು.

ನೋಡಿದೆ. ನಡುವೆ ಒಂದು ಸಣ್ಣ ದುಂಡು ಬಿಲ್ಲೆ. ಅದರಲ್ಲಿ ಅಂಗಡಿಯವನ ಮುಖ ಅಡ್ಡಕ್ಕೆ ಎರಡು ತುಂಡು!

"ಅಯ್ಯ, ಇವನ ಮೀಸಿ ಅತ್ತಾಗ ಹೋಗೇತಿ!"

"ಮುಂದಿನ ಬಳಿ ತಿರುವ್ರಿ, ಬರ್ತೈತಿ," ಎಂದ ಅವನು.

ಲೆನ್ಸಿನ ಬಳೆ ತಿರುವಿದೆ. ಮೀಸೆ ಮೆಲ್ಲಗೆ ಸರಿದು ಬಂದು ಮೂಗಿನ ಕೆಳಗೆ ಕೂತಿತು. ಮುಖ ಕೂಡಿತು. ಉಸಿರು ಬಿಡುವುದನ್ನೇ ಮರೆತೆ. ಎಷ್ಟು ಕೌದಿ ಹೊಲಿದಿದ್ದೇನೆ, ಇಷ್ಟು ನೆಟ್ಟಗೆ ಎರಡು ತುಂಡು ಕೂಡಿಸಿದ್ದಿಲ್ಲ.

"ಸೆಲ್ ಮ್ಯಾಲ ನಡಿತೈತೇನು?"

"ಬೆಳಕು ಅಳೆಯೋ ಮುಳ್ಳಿಗಷ್ಟ ಸೆಲ್ರಿ. ಉಳಿದದ್ದೆಲ್ಲ ಸ್ಪ್ರಿಂಗ್, ಗಡಿಯಾರದಂಗ."

ಸೊಸೆಯ ಮನಸ್ಸು ಹೊಳೆಯುವುದರ ಮೇಲೆ ಬಿದ್ದಿತ್ತು. ಒಳಗೆ ಏನಿದೆ ತೋರಿಸು ಎಂದೆ. ಅವನು ಹಿಂದಿನ ಬಾಗಿಲು ತೆರೆದ. ಬಟ್ಟೆಯಂಥ ಒಂದು ಕರಿಯ ಪರದೆ.

"ಇದು ಅರಿವಿ ಅಲ್ಲೇನು?"

"ಹೌದವ್ವಾ, ರಬ್ಬರ್ ಬಳದ ಅರಿವಿ. ಒತ್ತಿದಾಗ ಸರೀತೈತಿ, ಬೆಳಕು ರೀಲಿನ ಮ್ಯಾಲ ಬೀಳತೈತಿ. ಮತ್ತ ಮುಚ್ಚತೈತಿ."

"ಅರಿವಿ ಅಂದಮ್ಯಾಲ ಬಿಸಿಲಿಗೆ ಹಿಡದು ನೋಡಬೇಕು. ಹೊರಗ ನಡಿ."

"ಕೌದಿ ಹೊಲಿಯಾಕ ಒಯ್ತೀರೇನ್ರಿ ಇದನ್ನ?" ಎಂದು ನಕ್ಕ.

"ಹೊಲೀತೇನಿ, ನೀನ ಹೊದ್ಕೊಂಡು ಮಲಗುವಂತಿ. ನಡಿ ಮದ್ಲ."

ಕೌದಿ ಹೊಲಿಯುವವಳು ಹಳೆಯ ಸೀರೆಯನ್ನು ಬೆಳಕಿಗೆ ಹಿಡಿಯದೆ ಸೂಜಿ ಹಾಕುವುದಿಲ್ಲ. ಜೀರ್ಣವಾದ ಬಟ್ಟೆ ಕೈಗೆ ಗಟ್ಟಿಯೆನಿಸುತ್ತದೆ, ಬಿಸಿಲಿನ ಮುಂದೆ ಅದರ ಬಣ್ಣ ಬಯಲಾಗುತ್ತದೆ. ಅವನು ಮುಂದಿನ ಲೆನ್ಸ್ ಬಿಚ್ಚಿ, ಒಳಗಿನ ಕನ್ನಡಿಯನ್ನು ಬೆರಳಿನಿಂದ ಮೇಲಕ್ಕೆತ್ತಿ ಹಿಡಿದ. ಬಾಗಿಲು ತೆರೆದ ಹಿಂಬದಿಯನ್ನು ಸೂರ್ಯನ ಕಡೆ ತಿರುಗಿಸಿ, ಮುಂದಿನಿಂದ ಇಣುಕಿದೆ. ಹೊಳೆಯುವ ಕ್ಯಾಮೆರಾದ ಕತ್ತಲಲ್ಲಿ ಎರಡು ಚುಕ್ಕಿ ಮಿನುಗುತ್ತಿದ್ದವು. ಕರಿಯದರ ಪರದೆಯ ಮಡಿಕೆ ಸೀಳಿತ್ತು.

"ಇಷ್ಟ ಸಣ್ಣ ತೂತಿಗೆ ಏನ ಆಗತೈತಿ?" ಎಂದು ಸೊಸೆಯನ್ನು ಕೇಳಿದೆ.

ಅವಳು ತಾನೂ ಇಣುಕಿ ನೋಡಿದಳು. ಮುಖ ಸಣ್ಣದಾಯಿತು. "ಬಸುರಿ ಮುಖದ ಮ್ಯಾಲ ಬಿಳಿ ಕಲೆ ಬೀಳತಾವ್ರಿ ಅತ್ತಿ. ಹೊರಗ ತಗದ ಎಲ್ಲಾ ಫೋಟೋದಾಗೂ."

ಅಂಗಡಿಯವನ ನಗು ನಿಂತಿತು. "ನಾನೂ ನೋಡಿದ್ದಿಲ್ಲವ್ವಾ," ಎಂದ. ಸುಳ್ಳು ಹೇಳಿದಂತೆ ಕಾಣಲಿಲ್ಲ.

ಜಜ್ಜಿದ್ದನ್ನು ಹಿಡಿದೆ. ಬಾವಿಯಂಥ ಕತ್ತಲು. ಅದಕ್ಕೆ ಇನ್ನೊಂದು ಪರದೆಯೂ ಇದೆ ಎಂದು ಅವನೇ ಹೇಳಿ, ರೀಲು ಸರಿಸುವ ಕಡ್ಡಿ ಎಳೆದ. ಅದೂ ಕತ್ತಲು. ಜಜ್ಜಿದ್ದನ್ನೇ ತಂದೆವು.

ಯಂಕಂಚಿಯಲ್ಲಿ ಹೆಂಗಸರು ಅದನ್ನು ನೋಡಿ, "ಇದೇನ ಅಕ್ಕಾ, ಎತ್ತು ತುಳದದ್ದೇನ?" ಎಂದು ಕೇಳಿದರು. ಸೊಸೆ ಲೆನ್ಸಿನ ಬಳೆ ತಿರುವುತ್ತಿದ್ದಳು. ಎತ್ತಿನ ಮಾತು ಕೇಳಿ ಬಸುರಿ ಬಾಯಿ ತೆರೆದು ನಕ್ಕಳು. ಕ್ಯಾಮೆರಾ ಚಟ್ ಎಂದಿತು.

ರೀಲು ತೊಳೆದು ಫೋಟೋ ಬಂದಾಗ ಆ ನಗುವನ್ನೇ ಮೊದಲು ಹುಡುಕಿದೆ. ಹಲ್ಲು, ಹಸಿರು ಬಳೆ, ಕಣ್ಣಂಚಿನ ನೀರು, ಎಲ್ಲ ಇದ್ದವು. ಕಲೆ ಒಂದೂ ಇರಲಿಲ್ಲ. ರೆಪ್ಪೆ ಬಡಿಯುವಷ್ಟರಲ್ಲಿ ಹೋದ ನಗು ಅದು. ಒಂದು ಚೂರು ಬಟ್ಟೆ ಸರಿದು ಮುಚ್ಚುವುದರೊಳಗೆ ಅದನ್ನು ಹಿಡಿದಿತ್ತು. ಎಷ್ಟು ಹೊತ್ತು ನೋಡುತ್ತ ಕೂತೆನೋ, ಒಲೆಯ ಮೇಲಿನ ಬೇಳೆ ಸೀದಿತು.

ಫೋಟೋ ಕೊಡಲು ಹೋದಾಗ ಬಸುರಿಯ ಅತ್ತೆ ಒಂದೊಂದನ್ನೂ ಎರಡೆರಡು ಸಲ ನೋಡಿ, "ತೊಟ್ಟಿಲದ ದಿನಾನೂ ನಿಮ್ಮ ಸೊಸಿನ ಬರಬೇಕ ನೋಡ್ರಿ," ಎಂದಳು.

"ಕೂಸರ ಹುಟ್ಟಲಿ ಮದ್ಲ," ಎಂದೆ. ಸೊಸೆ ಮಾತ್ರ ಆಗಲೇ ತಲೆಯಾಡಿಸಿಬಿಟ್ಟಿದ್ದಳು.