ಜಾಡಿಯಲ್ಲಿ ಸಿಕ್ಕ ಗಂಟು

"ಅಣ್ಣಾ, ನಮ್ಮನಿಗೆ ಮಾಟ ಮಾಡ್ಯಾರ. ಲಗೂ ಬಾ."

ಖಾನಾಪುರದಿಂದ ತಂಗಿ ಶಾಂತಾಳ ಟ್ರಂಕ್ ಕಾಲ್. ಬೆಳಗಾವಿಯ ನನ್ನ ಆಫೀಸಿನಲ್ಲಿ ಫೋನ್ ಇರುವುದು ಹೆಡ್‌ಕ್ಲಾರ್ಕ್ ಟೇಬಲ್ ಮೇಲೆ. ಲೈನ್ ಸರಿಯಿಲ್ಲದೆ ನಾನು "ಏನು, ಮಾಟಾನ?" ಎಂದು ಕೂಗಿದ್ದರಿಂದ ಇಡೀ ಆಫೀಸಿಗೆ ಸುದ್ದಿ ಮುಟ್ಟಿತು. (ರಜೆ ಮಾತ್ರ ತಕ್ಷಣ ಸಿಕ್ಕಿತು. ಮಾಟಕ್ಕೆ ಹೆದರದ ಸಾಹೇಬರುಂಟೇ?)

ನಾನು ಮಾಟ ನಂಬುವವನಲ್ಲ. ಮನುಷ್ಯರನ್ನೂ ಅಷ್ಟು ಸುಲಭಕ್ಕೆ ನಂಬುವವನಲ್ಲ.

ಬಸ್ಸಿಳಿದು ಮನೆಗೆ ಹೋದರೆ ಶಾಂತಾ ನೀರು ಕೂಡ ಕೊಡಲಿಲ್ಲ. ಸೀದಾ ಹಿಂದಿನ ಕೋಣೆಗೆ ಎಳೆದುಕೊಂಡು ಹೋದಳು. ಜೋಳದ ಚೀಲಗಳ ಹಿಂದೆ ದೊಡ್ಡ ಉಪ್ಪಿನಕಾಯಿ ಜಾಡಿ. ಒಳಗೆ ಕಂದು ನೀರು. ಬಾಯಿಂದ ಇಳಿಬಿಟ್ಟ ದಾರ ಎಳೆದರೆ ಮೇಲೆ ಬಂದದ್ದು ಬಿಳಿ ಬಟ್ಟೆಯ ಗಂಟು. ಗಂಟಿನಲ್ಲಿ ನೆನೆದ ಹಸಿರು ಹೂವು, ಜೊತೆಗೊಂದು ಕಲ್ಲು.

"ನಮ್ಮ ಕಡಿ ಹೂವಲ್ಲ ಇವು. ಕಲ್ಲು ಬ್ಯಾರೆ ಕಟ್ಯಾರ, ನಮ್ಮ ಸಂಸಾರ ಮುಳುಗ್ಲಿ ಅಂತ. ತವರುಮನಿಯವ್ರು ಒಯ್ದು ಹೊಳಿಗೆ ಬಿಡಬೇಕಂತ. ಹಿಂದ ತಿರುಗಿ ನೋಡಬ್ಯಾಡ."

"ಯಾರು ಮಾಡ್ಯಾರು?"

"ಮತ್ಯಾರು? ಬಾಜೂ ಮನಿಯಾಕಿ."

ಬಾಜೂ ಮನೆಯಾಕೆ ಎಂದರೆ ಗಂಗವ್ವ, ಶಾಂತಾಳ ಗಂಡ ಬಸವರಾಜನ ಅತ್ತಿಗೆ. ಒಂದೇ ಮನೆ, ನಡುವೆ ಒಂದು ಗೋಡೆ, ಹಿತ್ತಲು ಇಬ್ಬರದೂ. ಸೋಮವಾರ ಗಂಗವ್ವನ ಮಗಳ ನಿಶ್ಚಯ. ಸ್ವಂತ ಚಿಕ್ಕಮ್ಮನೇ ಬರದಿದ್ದರೆ ಗಂಡಿನ ಕಡೆಯವರು ಏನೆಂದುಕೊಂಡಾರು? ಗಂಗವ್ವ ಅಳುತ್ತಾ ಕರೆಯಲು ಬಂದರೆ ನನ್ನ ತಂಗಿ ಮುಖದ ಮೇಲೆ ಬಾಗಿಲು ಹಾಕಿದ್ದಾಳೆ.

ನಾನು ಗಂಟನ್ನು ಮೂಸಿದೆ. ಹಸಿ ಹುಲ್ಲು, ಕಿತ್ತಳೆ ಸಿಪ್ಪೆ. ಅದರ ಕೆಳಗೆ ನನಗೆ ಪರಿಚಯವಿದ್ದ ಇನ್ನೊಂದು ವಾಸನೆ. (ಹೇಗೆ ಪರಿಚಯ ಎಂದು ಕೇಳಬೇಡಿ. ಬೆಳಗಾವಿಯಲ್ಲಿ ಕ್ಯಾಂಪ್ ಏರಿಯಾ ಇದೆ, ಅಲ್ಲಿ ಬಾರುಗಳಿವೆ.)

ತಿರುಗಿ ಬಸವರಾಜನನ್ನು ನೋಡಿದೆ. ಬೆಳಗಾವಿ ಹಾದಿಯ ಮಚ್ಛೆ ಊರಿನ ಕಾರ್ಖಾನೆಯಲ್ಲಿ ಕೆಲಸ. ಹೊಸ ಮಷಿನ್ ಕಲಿಯಲು ಕಂಪನಿಯವರು ಹೋದ ವರ್ಷ ಜರ್ಮನಿಗೆ ಕಳಿಸಿದ್ದರು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಹೆಂಚು ನೋಡುತ್ತಾ ನಿಂತಿದ್ದ. ಹೆಂಡತಿ ಅಳುವಾಗ ಹೆಂಚು ನೋಡುವ ಗಂಡಸನ್ನು ಅನುಮಾನಿಸಬೇಕೋ ಬೇಡವೋ? ಹಿತ್ತಲಿಗೆ ಕರೆದೆ.

"ಹಾಪ್ಸ್ ರೀ ಅಣ್ಣಾರ," ಎಂದ, ಮೆಲ್ಲಗೆ. "ಜರ್ಮನಿಯಿಂದ ತಂದ ಒಣ ಹೂವು. ಜವಿಗೋದಿ ಮೊಳಕಿ ಬರಿಸಿ, ಕುದಿಸಿ, ಬೇಕರಿ ಈಸ್ಟ್ ಹಾಕಿ ಬಿಯರ್ ಮಾಡೀನಿ. ಕುದಿಯೂ ಮುಂದ ಈ ಹೂವು ಹಾಕಿದ್ರ ಕಹಿ. ಬಿಯರ್ ಆದ ಮ್ಯಾಲೆ ತಣ್ಣಂದ್ರಾಗ ಗಂಟು ಕಟ್ಟಿ ಇಳಿಬಿಟ್ರ ಘಮ."

"ಕಲ್ಲು?"

"ಹೂವು ತೇಲ್ತಾವಲ್ರೀ!"

"ಅಂಗಡ್ಯಾಗ ಬಿಯರ್ ಸಿಗೂದಿಲ್ಲೇನು?"

"ಅಂಗಡಿಗೆ ಹ್ವಾದ್ರ ಮಂದಿ ಏನ್ ತಿಳ್ಕೋತಾರ?"

ಇವನ ಬಗ್ಗೆ ಮಂದಿ ತಪ್ಪು ತಿಳಿಯಬಾರದು. ಅದಕ್ಕಾಗಿ ಅತ್ತಿಗೆ ಮಾಟಗಾತಿ ಆಗಬಹುದು, ಆಕೆಯ ಮಗಳ ನಿಶ್ಚಯ ಮುರಿಯಬಹುದು! ನನಗೆ ಸಿಟ್ಟು ನೆತ್ತಿಗೇರಿತು. "ನೀ ಹೇಳ್ತೀಯೋ, ನಾ ಹೇಳ್ಲೋ?" ಎಂದೆ.

ಹೇಳಿದ. ಸಾಕ್ಷಿಗೆಂದು ಒಂದು ಲೋಟ ಬಗ್ಗಿಸಿಕೊಂಡು ಕುಡಿದೂ ತೋರಿಸಿದ. (ಅಷ್ಟು ಸಾಕ್ಷಿ ಬೇಕಿರಲಿಲ್ಲ.) ಶಾಂತಾ ಕೂಗಾಡಲಿಲ್ಲ. ಗಂಡನ ಕೈಯಿಂದ ಲೋಟ ಕಿತ್ತುಕೊಂಡು ಮೂಸಿದಳು. ಇನ್ನು ಗಂಗವ್ವನ ಕೈ ಹಿಡಿದು ತಪ್ಪಾಯಿತು ಅನ್ನುತ್ತಾಳೆ, ಸೋಮವಾರ ಆರತಿ ಎತ್ತುತ್ತಾಳೆ ಎಂದುಕೊಂಡೆ. ಸತ್ಯ ಹೊರಬಿದ್ದರೆ ಅನುಮಾನ ಓಡಿಹೋಗುತ್ತದೆ ಎಂದು ನಂಬುವಷ್ಟು ದಡ್ಡತನ ನನ್ನಲ್ಲಿ ಇನ್ನೂ ಇದೆ ನೋಡಿ.

ಶಾಂತಾ ನನ್ನನ್ನು ಅಡುಗೆಮನೆಗೆ ಕರೆದಳು. ಗೋಡೆಯ ಕಡೆ ನೋಡಿ ದನಿ ತಗ್ಗಿಸಿದಳು.

"ಸೋಮವಾರ ನಾ ಹೋಗೂದಿಲ್ಲ ಬಿಡು. ನಮ್ಮನಿಯವ್ರು ಚಾ ಸುದ್ದಾ ಮುಟ್ಟದ ಮನಶಾ. ಅಂಥವ್ರು ಜಾಡಿಗಟ್ಲೆ ಶೆರೆ ಮಾಡ್ಯಾರಂದ್ರ... ಅಣ್ಣಾ, ಯಾರೂ ಮಾಟ ಮಾಡದ ಇಷ್ಟು ಆಗ್ತೈತೇನು?"